ಅಂಗೈಯೊಳಗಿನ ಬಡ್ಡಿ ಸಾಹುಕಾರ

(ಸ್ತ್ರೀಶಕ್ತಿ ಸ್ವಸಹಾಯ ಸಂಘಗಳ ತಾಲ್ಲೂಕು ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಕರೆಯಲು ಬಂದಿದ್ದ ಅಕ್ಕಂದಿರು, “ಮೇಡಂ, ಪ್ರತಿ ಸಾರಿ ವರದಕ್ಷಿಣೆ ಬಗ್ಗೆ ಮಾತಾಡ್ತೀರಿ. ಈ ಸಾರಿ ಫೋನಿನಲ್ಲಿ ಬರೋ ಜಾಹೀರಾತುಗಳ ಮೋಸದ ಬಗ್ಗೆ ಹೇಳಿ” ಎಂದರು. ಆಗಲಿ ಎಂದೆ. ಮನೆಗೆ ಹೋಗಿ ಯೋಚಿಸುತ್ತ ಕುಳಿತಾಗ ಇವೆರಡೂ ಬೇರೆ ಬೇರೆ ವಿಷಯಗಳಲ್ಲ ಎಂದು ಅನ್ನಿಸಿತು. ಹಾಗೆ ಅನ್ನಿಸಲು ಒಬ್ಬ ತಂಗಿಯ ಕಥೆ ಕಾರಣ. ಆಕೆ ನಿಮ್ಮಂತೆಯೇ ಒಂದು ಸಂಘದ ಸದಸ್ಯೆ. “ಹೇಳಿ ಮೇಡಂ, ಹೆಸರು ಊರು ಮಾತ್ರ ಬೇಡ” ಎಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.

ಆಕೆ ಮಗಳ ಮದುವೆ ಮಾಡಿದ್ದಳು. ಅದಕ್ಕೆ ಸಂಘದಿಂದ ತೆಗೆದ ಸಾಲದ ಕಂತು ಇನ್ನೂ ನಡೆಯುತ್ತಿತ್ತು. ಮೊದಲ ದೀಪಾವಳಿ ಬಂತು. ಬೀಗಿತ್ತಿ ಫೋನು ಮಾಡಿ, “ಮೊದಲ ಹಬ್ಬಕ್ಕೆ ಅಳಿಯನಿಗೆ ಉಂಗುರ ಹಾಕೋದು ನಮ್ಮ ಕಡೆ ಪದ್ಧತಿ” ಎಂದರು. ಇದನ್ನು ಯಾರೂ ವರದಕ್ಷಿಣೆ ಎಂದು ಕರೆಯುವುದಿಲ್ಲ. ಹಬ್ಬ ಎನ್ನುತ್ತಾರೆ, ಪದ್ಧತಿ ಎನ್ನುತ್ತಾರೆ. ಇದ್ದಬದ್ದದ್ದನ್ನು ಹೊಂದಿಸಿದರೂ ಐದು ಸಾವಿರ ಕಡಿಮೆ ಬಿತ್ತು. ಸಂಘದಲ್ಲಿ ಮತ್ತೆ ಕೇಳಲು ನಾಚಿಕೆ. ಗಂಡನಿಗೆ ಹೇಳಿದರೆ ಜಗಳ.

ರಾತ್ರಿ ಹತ್ತು ಗಂಟೆಗೆ ಪಾತ್ರೆ ತೊಳೆದು, ಕೈ ಒರೆಸಿಕೊಂಡು ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದಳು. ನಡುವೆ ಒಂದು ಜಾಹೀರಾತು ಬಂತು. ನಮ್ಮ ಹಾಗೆಯೇ ಸೀರೆ ಉಟ್ಟ ಹೆಂಗಸು, ಕೈಯಲ್ಲಿ ನೋಟಿನ ಕಂತೆ. “ಮಹಿಳೆಯರಿಗೆ ವಿಶೇಷ ಸಾಲ. ಜಾಮೀನು ಬೇಡ, ಗಂಡನ ಸಹಿ ಬೇಡ. ಆಧಾರ್ ಇದ್ದರೆ ಐದು ನಿಮಿಷದಲ್ಲಿ ಹಣ.”

‘ಗಂಡನ ಸಹಿ ಬೇಡ’ ಎಂಬ ಮಾತನ್ನು ಗಮನಿಸಿ. ಹೆಣ್ಣಿಗೆ ಅವಳ ಹೆಸರಿನಲ್ಲೇ ಸಾಲ ಸಿಗಬೇಕು ಎಂದು ಎಷ್ಟು ವರ್ಷ ನಾವು ಕೂಗಿದ್ದೇವೆ! ನಿಮ್ಮ ಸಂಘಗಳು ಹುಟ್ಟಿದ್ದೇ ಆ ಕೂಗಿನಿಂದ. ನಮ್ಮ ಹೋರಾಟದ ಮಾತನ್ನೇ ಕದ್ದು ಅವರು ನಮ್ಮ ಮುಂದೆ ಬಲೆಯಾಗಿ ಹರಡಿದ್ದರು.

ಆಕೆ ಒತ್ತಿದಳು. ಆಪ್ ಇಳಿಯಿತು. ನಿಮ್ಮ ಫೋನಿನಲ್ಲಿರುವ ಹೆಸರು, ನಂಬರುಗಳನ್ನು ನೋಡಬಹುದೇ ಎಂದು ಕೇಳಿತು. ಫೋಟೋ ನೋಡಬಹುದೇ, ಮೆಸೇಜು ಓದಬಹುದೇ ಎಂದು ಕೇಳಿತು. ಬ್ಯಾಂಕಿನ ಅರ್ಜಿಯಲ್ಲಿ ತೋರಿಸಿದ ಕಡೆಯೆಲ್ಲ ಹೆಬ್ಬೆಟ್ಟು ಒತ್ತುವ ಹಾಗೆ, ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತಿದಳು. ಐದು ಸಾವಿರ ಮಂಜೂರಾಯಿತು ಎಂದು ಪರದೆಯ ಮೇಲೆ ಬಂತು. ಖಾತೆಗೆ ಬಂದದ್ದು 3,200 ರೂಪಾಯಿ. ಉಳಿದದ್ದು ‘ಶುಲ್ಕ’. ಏಳು ದಿನಕ್ಕೆ 5,000 ಕಟ್ಟಬೇಕು.

ನಾನು ಅರ್ಥಶಾಸ್ತ್ರ ಪಾಠ ಹೇಳಿದವಳು, ಆದ್ದರಿಂದ ಈ ಲೆಕ್ಕವನ್ನು ನಿಮ್ಮ ಮುಂದೆ ಮಾಡದೆ ಬಿಡುವುದಿಲ್ಲ. ಕೈಗೆ ಬಂದದ್ದು 3,200. ಏಳು ದಿನಕ್ಕೆ ಅದರ ಮೇಲೆ ಕೊಡಬೇಕಾದದ್ದು 1,800. ಅಂದರೆ ನೂರಕ್ಕೆ ವಾರಕ್ಕೆ 56 ರೂಪಾಯಿಯ ಮೇಲೆ. ವರ್ಷದ ಲೆಕ್ಕಕ್ಕೆ ಹಾಕಿದರೆ ನೂರಕ್ಕೆ 2,900 ರೂಪಾಯಿಗೂ ಹೆಚ್ಚು. ನಿಮ್ಮ ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದು ಇಟ್ಟುಕೊಳ್ಳಿ. ಅದೇ 3,200ಕ್ಕೆ ಇಡೀ ತಿಂಗಳಿಗೆ 64 ರೂಪಾಯಿ, ವಾರಕ್ಕೆ ಹದಿನಾರು ರೂಪಾಯಿ ಆಗುತ್ತದೆ. ಹದಿನಾರು ರೂಪಾಯಿಯ ಜಾಗದಲ್ಲಿ ಸಾವಿರದ ಎಂಟುನೂರು! ನಮ್ಮ ಅಜ್ಜಿಯರ ಕಾಲದ ಬಡ್ಡಿ ಸಾಹುಕಾರನಿಗೂ ಇಷ್ಟು ಧೈರ್ಯ ಇರಲಿಲ್ಲ.

ಆರನೆಯ ದಿನದಿಂದ ಫೋನುಗಳು ಶುರುವಾದವು. ಪಕ್ಕದ ಮನೆಯಲ್ಲಿ ಕೈಸಾಲ ತಂದು ಎರಡು ಸಾವಿರ ಕಟ್ಟಿದಳು. ಅದು ಗಡುವು ಮುಂದೂಡಿದ್ದಕ್ಕೆ ಆಯಿತು, ಅಸಲು ಹಾಗೇ ಇದೆ ಎಂದರು. ಒಂಬತ್ತನೆಯ ದಿನ ಅವಳ ಮುಖವನ್ನು ಯಾವುದೋ ಬೆತ್ತಲೆ ಮೈಗೆ ಅಂಟಿಸಿದ ಚಿತ್ರ ಬಂತು. ಸಂಜೆಯೊಳಗೆ ಕಟ್ಟದಿದ್ದರೆ ಎಲ್ಲರಿಗೂ ಕಳಿಸುತ್ತೇವೆ ಎಂದರು. ಕಳಿಸಿಯೂ ಬಿಟ್ಟರು. ಅಣ್ಣನಿಗೆ, ಅಂಗನವಾಡಿ ಟೀಚರಿಗೆ, ಕೊನೆಗೆ ಬೀಗರ ಮನೆಗೂ ಹೋಯಿತು.

ಅಲ್ಲಿ ಅಳಿಯ, “ನಿಮ್ಮಮ್ಮ ಎಂಥವಳು ನೋಡು” ಎಂದು ಮಗಳಿಗೆ ಹೊಡೆದ. ಇಲ್ಲಿ ಗಂಡ ಇವಳಿಗೆ ಹೊಡೆದು, ಫೋನನ್ನು ಗೋಡೆಗೆ ಎಸೆದ.

ಈಗ ಈ ಕಥೆಯ ಎರಡು ತುದಿಗಳನ್ನು ನೋಡಿ. ಶುರುವಿನಲ್ಲಿ ವರದಕ್ಷಿಣೆ, ಕೊನೆಯಲ್ಲಿ ಹೊಡೆತ, ನಡುವೆ ಆ ಜಾಹೀರಾತು. ಹಾಗಾಗಿ ಇದನ್ನು ಬರೀ ಫೋನಿನ ವಿಷಯ ಎಂದು ಪಕ್ಕಕ್ಕಿಡಲು ನನಗೆ ಸಾಧ್ಯವಾಗಲಿಲ್ಲ.

ಇಷ್ಟು ಜನರಲ್ಲಿ ಜಾಹೀರಾತು ಅವಳನ್ನೇ ಹೇಗೆ ಹುಡುಕಿತು? ಇದರಲ್ಲಿ ಮಾಟ ಮಂತ್ರ ಇಲ್ಲ. ಆಕೆ ಹಿಂದಿನ ದಿನಗಳಲ್ಲಿ ಚಿನ್ನದ ದರ ನೋಡಿದ್ದಳು, ಸಾಲ ಎಲ್ಲಿ ಸಿಗುತ್ತದೆ ಎಂದು ಹುಡುಕಿದ್ದಳು. ನಾವು ಪುಕ್ಕಟೆ ನೋಡುವ ವಿಡಿಯೋಗಳ ಖರ್ಚನ್ನು ಜಾಹೀರಾತಿನವರು ಕೊಡುತ್ತಾರೆ. ಇಂಥ ವಯಸ್ಸಿನ ಹೆಂಗಸರು, ಇಂಥ ಪ್ರದೇಶದವರು, ಸಾಲದ ಬಗ್ಗೆ ಆಸಕ್ತಿ ತೋರಿಸಿದವರು ಎಂದು ಅವರು ಆರಿಸಿಕೊಳ್ಳಬಹುದು. ನಿಮ್ಮ ಪರದೆಯ ಮೇಲಿನ ಆ ಜಾಗ ಕಣ್ಣು ಮಿಟುಕಿಸುವುದರೊಳಗೆ ಹರಾಜಾಗುತ್ತದೆ. ಕೂಗಿದವನು ಒಳ್ಳೆಯ ಬ್ಯಾಂಕಿನವನೋ ಕಳ್ಳನೋ ಎಂದು ಆ ಕಂಪನಿಗಳು ಸೋಸುತ್ತವೆ ನಿಜ. ಆದರೆ ಆ ಜರಡಿಯ ಕಣ್ಣು ದೊಡ್ಡದು. ಒಂದು ಹೆಸರಿನಲ್ಲಿ ತೆಗೆದುಹಾಕಿದರೆ ಇನ್ನೊಂದು ಹೆಸರಿನಲ್ಲಿ ಬರುತ್ತಾರೆ. ಆದ್ದರಿಂದ ದೊಡ್ಡ ಕಂಪನಿಯ ವಿಡಿಯೋದಲ್ಲಿ ಬಂತು, ಪೇಪರಿನವರ ಪುಟದಲ್ಲಿ ಬಂತು ಎಂದ ಮಾತ್ರಕ್ಕೆ ಅದು ಸಾಚಾ ಎಂದು ತಿಳಿಯಬೇಡಿ. ಹಣ ಕೊಟ್ಟು ಹಾಕಿಸಿದ್ದಕ್ಕೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’, ‘ಸ್ಪಾನ್ಸರ್ಡ್’ ಅಥವಾ ‘ಆ್ಯಡ್’ ಎಂದು ಇರುತ್ತದೆ. ಮೊದಲು ಕಣ್ಣು ಅಲ್ಲಿಗೆ ಹೋಗಲಿ.

ಇದು ಒಬ್ಬಳ ಕಥೆಯೂ ಅಲ್ಲ. ರಿಸರ್ವ್ ಬ್ಯಾಂಕ್ ನೇಮಿಸಿದ್ದ ಕಾರ್ಯತಂಡದ ವರದಿ 2021ರ ನವೆಂಬರಿನಲ್ಲಿ ಹೊರಬಂತು. ಆ ವರ್ಷದ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ನಮ್ಮ ದೇಶದವರಿಗೆ ಸಿಗುತ್ತಿದ್ದ ಸಾಲದ ಆಪ್‌ಗಳು ಸುಮಾರು 1,100, ಅವುಗಳಲ್ಲಿ ಸುಮಾರು 600 ಅಕ್ರಮ ಎಂದು ಅದು ಹೇಳಿತು. ಅಂದರೆ ಅರ್ಧಕ್ಕಿಂತ ಹೆಚ್ಚು!

ಸಾಲದ ಜಾಹೀರಾತಲ್ಲದೆ ಇನ್ನೂ ಕೆಲವು ವೇಷಗಳಿವೆ, ಬೇಗ ಹೇಳಿ ಮುಗಿಸುತ್ತೇನೆ. ಮನೆಯಲ್ಲೇ ಕುಳಿತು ಪೆನ್ಸಿಲ್ ಪ್ಯಾಕ್ ಮಾಡಿ ತಿಂಗಳಿಗೆ ಮೂವತ್ತು ಸಾವಿರ ಗಳಿಸಿ ಎನ್ನುವವರು, ಮೊದಲು ‘ನೋಂದಣಿ’ಗೆ ಹಣ ಕೇಳುತ್ತಾರೆ. ದುಡಿಯುವವಳಿಗೆ ಸಂಬಳ ಕೊಡಬೇಕಾದವರು ಅವಳಿಂದಲೇ ಹಣ ಕೇಳಿದರೆ ಅದು ಕೆಲಸವಲ್ಲ. ಸರ್ಕಾರಿ ಯೋಜನೆಯ ಹೆಸರಿನಲ್ಲಿ ಲಿಂಕ್ ಕಳಿಸಿ, ಗೃಹಲಕ್ಷ್ಮಿ ಹಣ ನಿಂತಿದೆ, ಇಲ್ಲಿ ಒತ್ತಿ ಎನ್ನುವವರಿದ್ದಾರೆ. ಅದನ್ನು ಕೇಳಬೇಕಾದ ಜಾಗ ನಿಮ್ಮ ಅಂಗನವಾಡಿ ಅಥವಾ ಸಿಡಿಪಿಒ ಕಚೇರಿ. ನಿಮ್ಮ ಫೋನಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಎಂದು ಪರದೆ ತುಂಬ ಕೆಂಪಗೆ ಹೆದರಿಸುವುದೂ ಜಾಹೀರಾತೇ. ಫೋನ್ ಮಾಡಬೇಡಿ, ಏನನ್ನೂ ಇಳಿಸಿಕೊಳ್ಳಬೇಡಿ, ಆ ಪುಟ ಮುಚ್ಚಿ. ಗ್ಯಾಸ್ ಕಂಪನಿಯ, ಬ್ಯಾಂಕಿನ ನಂಬರನ್ನು ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಕಳ್ಳನು ಹಣ ಕೊಟ್ಟು ಹಾಕಿಸಿದ ನಂಬರೂ ಇರಬಹುದು. ಬ್ಯಾಂಕಿನ ನಂಬರು ಪಾಸ್‌ಬುಕ್ಕಿನಲ್ಲಿ, ಗ್ಯಾಸಿನದು ಅದರ ಪುಸ್ತಕದಲ್ಲಿ ಇರುತ್ತದೆ. ಅಲ್ಲಿಂದ ತೆಗೆದುಕೊಳ್ಳಿ.

ಇನ್ನು ದೊಡ್ಡವರ ಮುಖ ತೋರಿಸುವ ಜಾಹೀರಾತುಗಳು. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರ ಹೆಸರು, ಮುಖ, ದನಿಗಳನ್ನು ಬಳಸಿ, ಹಣ ದುಪ್ಪಟ್ಟು ಮಾಡುವ ಆಪ್‌ಗಳ ಪ್ರಚಾರ ನಡೆಯಿತು. ಅವೆಲ್ಲ ಸುಳ್ಳು, ತಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಅವರೇ 2023ರ ಡಿಸೆಂಬರಿನಲ್ಲಿ ಸಾರ್ವಜನಿಕವಾಗಿ ಹೇಳಬೇಕಾಯಿತು. ಈಗ ಯಂತ್ರಕ್ಕೆ ಯಾರ ಮುಖವನ್ನಾದರೂ ಕೊಟ್ಟು ಏನನ್ನಾದರೂ ಆಡಿಸಬಹುದು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದನ್ನು ಈಗ ದಿನಾ ನೆನೆಯಬೇಕಾಗಿದೆ.

ಹಾಗಾದರೆ ಸಾಲ ಬೇಕಾದಾಗ ಏನು ಮಾಡಬೇಕು? ಮೊದಲ ಬಾಗಿಲು ನಿಮ್ಮ ಸಂಘ, ಎರಡನೆಯದು ಬ್ಯಾಂಕು. ಹಾಗೂ ಫೋನಿನಲ್ಲೇ ತೆಗೆಯುವುದಾದರೆ, ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿದೆ, 2025ರ ಮೇ ತಿಂಗಳಲ್ಲಿ ಅವನ್ನು ಒಟ್ಟುಗೂಡಿಸಿ ಹೊಸದಾಗಿ ಹೊರಡಿಸಿದೆ. ನಾಲ್ಕನ್ನು ನೆನಪಿಡಿ.

ಒಂದು, ಸಾಲ ಕೊಡುತ್ತಿರುವುದು ಯಾವ ಬ್ಯಾಂಕು ಅಥವಾ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಯಾವ ಹಣಕಾಸು ಸಂಸ್ಥೆ ಎಂದು ಆಪ್ ಹೇಳಲೇಬೇಕು. 2025ರ ಜುಲೈಯಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಇಂಥ ಆಪ್‌ಗಳ ಪಟ್ಟಿ ಇದೆ. ಸಾಲ ಕೊಡುವ ಸಂಸ್ಥೆಗಳೇ ಸಲ್ಲಿಸಿದ ಪಟ್ಟಿ ಅದು. ಅದರಲ್ಲಿ ಹೆಸರಿಲ್ಲದ ಆಪ್‌ನ ಹತ್ತಿರ ಹೋಗಬೇಡಿ.

ಎರಡು, ಫೋನಿನಲ್ಲಿರುವ ನಂಬರುಗಳು, ಫೋಟೋಗಳು, ಕರೆಗಳ ವಿವರ ಇವುಗಳನ್ನು ಸಾಲದ ಆಪ್ ಮುಟ್ಟುವಂತಿಲ್ಲ. ಕೇಳಿತು ಎಂದರೆ ಅದು ವಸೂಲಿಗೆ ಈಗಲೇ ಕತ್ತಿ ಮಸೆಯುತ್ತಿದೆ ಎಂದೇ ಅರ್ಥ. ‘ಬೇಡ’ ಒತ್ತಿ, ಆಪನ್ನು ತೆಗೆದುಹಾಕಿ.

ಮೂರು, ಸಾಲದ ಹಣ ಸಂಸ್ಥೆಯ ಖಾತೆಯಿಂದ ನೇರವಾಗಿ ನಿಮ್ಮ ಖಾತೆಗೆ ಬರಬೇಕು. ಎಲ್ಲ ಶುಲ್ಕ ಸೇರಿ ವರ್ಷಕ್ಕೆ ಎಷ್ಟು ಬಡ್ಡಿ ಬೀಳುತ್ತದೆ ಎಂಬ ಚೀಟಿಯನ್ನು ಮೊದಲೇ ಕೊಡಬೇಕು. ಸಾಲ ಕೊಡುವ ಮುಂಚೆಯೇ ಹಣ ಕಟ್ಟಿ ಎಂದವರು ಮೋಸಗಾರರು.

ನಾಲ್ಕು, ಬೇಡವೆನಿಸಿದರೆ ನಿಗದಿತ ಅವಧಿಯ ಒಳಗೆ ಅಸಲನ್ನೂ ಅಷ್ಟು ದಿನದ ಬಡ್ಡಿಯನ್ನೂ ಕೊಟ್ಟು ದಂಡವಿಲ್ಲದೆ ಹೊರಬರಲು ಅವಕಾಶ ಇರಬೇಕು.

ಇದರ ಜೊತೆಗೆ, ಹಣ ಪಡೆಯಲು ಯಾವತ್ತೂ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಓಟಿಪಿ ಯಾರಿಗೂ ಹೇಳಬೇಡಿ. ಜಾಹೀರಾತಿನಿಂದ, ವಾಟ್ಸಾಪಿನಿಂದ ಬಂದ ಆಪನ್ನು ಇಳಿಸಿಕೊಳ್ಳಬೇಡಿ. ಆಪ್ ಅಂಗಡಿಯಲ್ಲಿ ಸಿಕ್ಕಿತು ಎಂಬುದೊಂದೇ ಭರವಸೆಯೂ ಅಲ್ಲ.

ಈಗ ನಮ್ಮ ತಂಗಿಯ ಕಥೆಗೆ ಮರಳೋಣ. ಮೂರು ವಾರ ಅವಳು ಸಭೆಗೆ ಬರಲಿಲ್ಲ. ಉಳಿತಾಯದ ದುಡ್ಡನ್ನು ಮಗನ ಕೈಲಿ ಕಳಿಸುತ್ತಿದ್ದಳು. ದುಡ್ಡು ಬಂತಲ್ಲ ಎಂದು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಎಲ್ಲರೂ ಸುಮ್ಮನಿದ್ದರು. ನಾಲ್ಕನೆಯ ವಾರ ಸಂಘದ ಪ್ರತಿನಿಧಿಗೆ ಸಂಶಯ ಬಂದು, ನಾಲ್ಕು ಜನ ಕೂಡಿ ಅವಳ ಮನೆಗೆ ಹೋದರು. ಬಾಗಿಲು ಹಾಕಿಕೊಂಡು ಕುಳಿತಿದ್ದ ಅವಳು ಅತ್ತು, “ಅಕ್ಕಾ, ಎರಡು ಸಾರಿ ಬಾವಿ ಹತ್ತಿರ ಹೋಗಿ ಬಂದೆ. ಮಗಳ ಗತಿ ಏನು ಅಂತ ವಾಪಸು ಬಂದೆ” ಎಂದಳು.

ನಾನು ಪಾಠ ಹೇಳಲು ಶುರು ಮಾಡಿದ ಹೊಸದರಲ್ಲಿ, ತೊಂಬತ್ತರ ದಶಕದಲ್ಲಿ, ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಸುದ್ದಿ ಪೇಪರಿನ ಮೂಲೆಯಲ್ಲಿ ಬರುತ್ತಲೇ ಇರುತ್ತಿತ್ತು. ಸ್ಟೌ ಯಾಕೆ ಸೊಸೆಯ ಕೈಯಲ್ಲೇ ಸಿಡಿಯುತ್ತದೆ ಎಂದು ನಾವು ಬೀದಿಯಲ್ಲಿ ನಿಂತು ಕೇಳಿದೆವು. ಆ ಹುಡುಗಿಯರಲ್ಲಿ ಎಷ್ಟೋ ಜನ ತವರಿಗೆ ಬಂದಾಗ ಏನನ್ನೂ ಹೇಳಿರಲಿಲ್ಲ. ಹೇಳಿದವರಿಗೆ ‘ಮರ್ಯಾದೆ ಪ್ರಶ್ನೆ, ಹೊಂದಿಕೊಂಡು ಹೋಗಮ್ಮ’ ಎಂದು ಹೇಳಿ ಕಳಿಸಿದ್ದರು. ಹೆಣ್ಣು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂಬುದು ಆ ಗಂಡಂದಿರಿಗೆ ಗೊತ್ತಿತ್ತು. ಇವತ್ತಿನ ಈ ಸಾಲಗಾರರಿಗೂ ಅದೇ ಗೊತ್ತು. ಅವರ ನಿಜವಾದ ಬಂಡವಾಳ ಹಣವಲ್ಲ, ನಮ್ಮ ನಾಚಿಕೆ. ಆ ನಾಚಿಕೆಯನ್ನು ನಾವು ಅವರಿಗೆ ಸಾಲ ಕೊಡುವುದನ್ನು ನಿಲ್ಲಿಸಬೇಕು.

ಆ ನಾಲ್ವರು ಅವಳಿಗೆ ‘ಯಾಕೆ ಒತ್ತಿದೆ?’ ಎಂದು ಕೇಳಲಿಲ್ಲ. ಅದಕ್ಕಾಗಿ ಅವರಿಗೆ ಕೈ ಮುಗಿಯುತ್ತೇನೆ. ಫೋನಿನ ಗಾಜು ಒಡೆದಿತ್ತು, ಆದರೆ ಮೆಸೇಜುಗಳು ಇದ್ದವು. ಒಂದನ್ನೂ ಅಳಿಸದೆ ಎಲ್ಲದರ ಚಿತ್ರ ತೆಗೆದಿಟ್ಟರು. ಬಂದ ನಂಬರುಗಳು, ಹಣ ಕಟ್ಟಿದ ಯುಪಿಐ ವಿಳಾಸ, ದಿನಾಂಕ ಎಲ್ಲ ಬರೆದರು. 1930ಕ್ಕೆ ಫೋನ್ ಮಾಡಿ ದೂರು ಕೊಟ್ಟು, ಪೊಲೀಸ್ ಠಾಣೆಗೆ ಹೋದರು. ಅಲ್ಲಿ ಒಬ್ಬರು, “ಓದು ಬರದಿದ್ದರೆ ಯಾಕಮ್ಮಾ ಇದೆಲ್ಲ?” ಎಂದರಂತೆ. ಪ್ರತಿನಿಧಿ, “ಓದಿದೋರೂ ಲಕ್ಷಗಟ್ಟಲೆ ಕಳಕೊಂಡಿದಾರೆ ಸ್ವಾಮಿ, ದೂರು ಬರಕೊಳ್ಳಿ” ಎಂದಳು. ಬರೆದುಕೊಂಡರು.

ಅಲ್ಲಿಂದ ನೇರ ಬೀಗರ ಮನೆಗೆ. ಆರು ಜನ ಹೆಂಗಸರು ಜಗಲಿಯ ಮೇಲೆ ಕುಳಿತು ಹೇಳಿದ್ದು ಇಷ್ಟೇ: “ಆ ಫೋಟೋ ಸುಳ್ಳು. ನೀವು ಉಂಗುರ ಕೇಳಿದ್ದು ನಿಜ. ಹುಡುಗಿ ಮೇಲೆ ಕೈ ಮಾಡಿದ್ದೂ ನಿಜ.” ಪ್ರೀತಿಯಿಂದ ಕೊಟ್ಟ ಉಡುಗೊರೆ ಬೇರೆ, ಮದುವೆಯ ಸಂಬಂಧವಾಗಿ ಕೇಳಿ ಪಡೆದದ್ದು ಬೇರೆ. ಮದುವೆಗೆ ಮೊದಲು ಕೇಳಲಿ, ನಂತರ ಕೇಳಲಿ, 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕಣ್ಣಿನಲ್ಲಿ ಅದು ವರದಕ್ಷಿಣೆಯೇ. ಹೊಡೆತಕ್ಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಅದರ ಸಂರಕ್ಷಣಾಧಿಕಾರಿ ನಿಮ್ಮ ಸಿಡಿಪಿಒ ಅವರೇ. ಮಗಳು ಅವರಲ್ಲಿ ಹೇಳಿಕೆ ಕೊಟ್ಟಳು, ಕೆಲವು ತಿಂಗಳು ತಾಯಿಯ ಮನೆಯಲ್ಲಿದ್ದಳು. ಈಗ ಗಂಡನ ಮನೆಯಲ್ಲಿದ್ದಾಳೆ, ಸಂಘದವರು ಹೋಗಿ ನೋಡಿಕೊಂಡು ಬರುತ್ತಿರುತ್ತಾರೆ. ಇವಳ ಗಂಡ ಒಂದೇ ದಿನದಲ್ಲಿ ಬದಲಾದ ಎಂದು ನಾನು ಹೇಳುವುದಿಲ್ಲ. ಮನೆಗೆ ನಾಲ್ಕು ಜನ ಬಂದು ಹೋಗುತ್ತಾರೆ ಎಂದು ಗೊತ್ತಾದ ಮೇಲೆ ಕೈ ಎತ್ತಲು ಯೋಚಿಸುತ್ತಾನೆ, ಅಷ್ಟು. ಕಟ್ಟಿದ ಎರಡು ಸಾವಿರ ವಾಪಸು ಬರಲಿಲ್ಲ. ಆದರೆ ಆಮೇಲೆ ಒಂದು ಪೈಸೆಯೂ ಕಟ್ಟಲಿಲ್ಲ. ಚಿತ್ರ ಸುಳ್ಳೆಂದು ಸಂಘದವರೇ ಎಲ್ಲರಿಗೂ ಹೇಳಿದ ಮೇಲೆ ಬೆದರಿಕೆಗೆ ಬೆಲೆ ಉಳಿಯಲಿಲ್ಲ. ಕರೆಗಳು ಕಡಿಮೆಯಾಗಿ ನಿಂತವು.

ಇಲ್ಲಿ ಇನ್ನೊಂದು ಮಾತು. ಇಂಥ ಸುದ್ದಿ ಕೇಳಿದ ಕೂಡಲೆ ಎಷ್ಟೋ ಮನೆಗಳಲ್ಲಿ ಗಂಡಸರು, “ಅದಕ್ಕೇ ಹೆಂಗಸರ ಕೈಗೆ ಫೋನ್ ಕೊಡಬಾರದು” ಎನ್ನುತ್ತಾರೆ. ಇದನ್ನು ಒಪ್ಪಬೇಡಿ. ಹೊಡೆತ ತಿನ್ನುವ ಹೆಣ್ಣಿಗೆ ಫೋನೇ ಕಿಟಕಿ. 112ಕ್ಕೆ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಹೋಗುವುದು ಅದರಿಂದಲೇ. ಕಳ್ಳ ಬಂದನೆಂದು ಯಾರೂ ಮನೆಯ ಬಾಗಿಲನ್ನೇ ಕಿತ್ತುಹಾಕುವುದಿಲ್ಲ, ಚಿಲಕ ಹಾಕಲು ಕಲಿಯುತ್ತಾರೆ.

ಮೋಸ ಆಗಿಹೋದರೆ ಮಾಡಬೇಕಾದದ್ದನ್ನು ಬರೆದುಕೊಳ್ಳಿ. ಹಣ ಹೋದ ಕೂಡಲೆ, ಅದೇ ಗಂಟೆಯಲ್ಲಿ 1930ಕ್ಕೆ ಮತ್ತು ಬ್ಯಾಂಕಿಗೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ತಾಣದಲ್ಲೂ ದೂರು ಕೊಡಬಹುದು. ಬೆದರಿಸಿದರೆ ಮತ್ತೆ ಹಣ ಕಟ್ಟಬೇಡಿ. ಒಮ್ಮೆ ಕಟ್ಟಿದವಳನ್ನು ಅವರು ಹತ್ತು ಸಾರಿ ಹಿಂಡುತ್ತಾರೆ. ಕಿರುಸಾಲದ ವಸೂಲಿಗೆ ಕಿರುಕುಳ ಕೊಡುವುದರ ವಿರುದ್ಧ ನಮ್ಮ ರಾಜ್ಯ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಕಾಯ್ದೆ ಮಾಡಿದೆ. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, ನಂಬರು 15100. ಬಾವಿಯ ಯೋಚನೆ ಬಂದರೆ ಪಕ್ಕದ ಮನೆಯವಳನ್ನು ಕೂಗಿ, ಇಲ್ಲವೇ ಹಗಲು ರಾತ್ರಿ ಯಾವಾಗಲಾದರೂ 14416ಕ್ಕೆ ಫೋನ್ ಮಾಡಿ ಮಾತಾಡಿ.

ಮುಗಿಸುವ ಮುನ್ನ ಒಂದು ಬೇಡಿಕೆ. ಈ ವಾರದ ಸಭೆಯಲ್ಲಿ ನಡಾವಳಿ ಪುಸ್ತಕದಲ್ಲಿ ಮೂರು ತೀರ್ಮಾನ ಬರೆದು ಎಲ್ಲರೂ ಸಹಿ ಹಾಕಿ. ಮೊದಲನೆಯದು, ಹಣದ ಯಾವ ಜಾಹೀರಾತನ್ನೂ ಒಂದು ರಾತ್ರಿ ಕಳೆಯದೆ, ಇನ್ನೊಬ್ಬ ಸದಸ್ಯೆಗೆ ತೋರಿಸದೆ ಒತ್ತುವುದಿಲ್ಲ. ಐದು ನಿಮಿಷದ ಆತುರ ಅವರದು, ನಮ್ಮದಲ್ಲ. ಎರಡನೆಯದು, ಅಳಿಯನ ಹಬ್ಬಕ್ಕೆಂದು ಕೇಳಿದ ಚಿನ್ನಕ್ಕೆ ಸಂಘ ಸಾಲ ಕೊಡುವುದಿಲ್ಲ, ಆದರೆ ‘ಕೊಡೋದಿಲ್ಲ’ ಎಂದು ಬೀಗರಿಗೆ ಹೇಳಲು ಸಂಘವೇ ಜೊತೆಗೆ ಹೋಗುತ್ತದೆ. ಮೂರನೆಯದು, ಎರಡು ವಾರ ಸಭೆಗೆ ಬಾರದ ಸದಸ್ಯೆಯ ಮನೆಗೆ ಇಬ್ಬರು ಹೋಗಿ ಬರುತ್ತಾರೆ, ಅವಳ ಉಳಿತಾಯದ ದುಡ್ಡು ಬಂದಿದ್ದರೂ ಸರಿ.

ಆ ತಂಗಿ ಇವತ್ತು ಈ ಸಭೆಯಲ್ಲೇ ಕುಳಿತಿದ್ದಾಳೆ. ಯಾರೆಂದು ಹುಡುಕಬೇಡಿ. ನಿಮ್ಮ ಪಕ್ಕದಲ್ಲಿ ಕುಳಿತವಳನ್ನು ಅವಳೇ ಎಂದು ತಿಳಿದು, ಮನೆಗೆ ಹೋಗುವ ದಾರಿಯಲ್ಲಿ ಒಂದು ಮಾತು ಕೇಳಿ: “ಎಲ್ಲ ಸರಿ ಇದೆಯಾ ಅಕ್ಕಾ?”